ಇಂಜಿನ್ನಿನ ಉಸಿರು ನೋಡುವ ಉಸ್ತಾದರು

ಘಾಟಬೋರಾಳದಿಂದ ಹುಮನಾಬಾದಿಗೆ ಹೊರಟಿದ್ದ ನನ್ನ ಡೀಸೆಲ್ ಕಾರು ಒಂದು ಬೆಳಗ್ಗೆ ನೀಲಿ ಹೊಗೆ ಬಿಡತೊಡಗಿತು. ಮೊದಲು ತೋರಿಸಿದ ಗ್ಯಾರೇಜಿನಲ್ಲಿ ನೋಡಿದ ತಕ್ಷಣ ಒಂದೇ ಮಾತು: ಟರ್ಬೋ ಹೋಗಿದೆ. ಸಾಲ ಮಾಡಿ ಹೊಸದು ಹಾಕಿಸಿದೆ. ಹದಿನೈದು ದಿನಕ್ಕೆ ಮತ್ತದೇ ಹೊಗೆ. ಎರಡನೇ ಸಲ ಕಾರು ನಿಂತದ್ದು ಹೆದ್ದಾರಿ ಬದಿಯ ತಗಡಿನ ಶೆಡ್ಡಿನ ಮುಂದೆ. ಅಲ್ಲಿನ ಉಸ್ತಾದ್ ಇಂಜಿನ್ ಚಾಲೂ ಇರುವಾಗಲೇ ಆಯಿಲ್ ಮುಚ್ಚಳ ತಿರುಗಿಸಿ ಸಡಿಲ ಬಿಟ್ಟರು. ಅನ್ನ ಕುದಿಯುವ ಪಾತ್ರೆಯ ಮೇಲಿನ ತಟ್ಟೆಯಂತೆ ಮುಚ್ಚಳ ಕುಣಿಯಿತು.

"ಟರ್ಬೋ ಬಿಚ್ಚಬ್ಯಾಡ್ರಿ ಸಾಹೇಬ್ರ. ಇಂಜಿನ್ನಿಗೆ ಉಸಿರು ಕಟ್ಟ್ಯದ, ಮೊದಲ ಅದು ನೋಡಮ" ಅಂದರು.

ಪುಣೆ–ಸೊಲ್ಲಾಪುರ–ಹೈದರಾಬಾದ್ ದಾರಿಯಾದ ರಾಷ್ಟ್ರೀಯ ಹೆದ್ದಾರಿ 65 (ಹಳಬರ ಬಾಯಲ್ಲಿ ಇಂದಿಗೂ ಅದು ಹೈವೇ 9) ನಮ್ಮ ಸೀಮೆಯನ್ನು ಸೀಳಿಕೊಂಡು ಹೋಗುತ್ತದೆ. ಬಸವಕಲ್ಯಾಣದ ಆಟೋನಗರವಿರಲಿ, ಹುಮನಾಬಾದಿನ ಗ್ಯಾರೇಜುಗಳಿರಲಿ, ಲಾರಿ ನೋಡಿಕೊಂಡೇ ಬೆಳೆದವು. ಕಲ್ಯಾಣವೆಂದರೆ ಶರಣರ ನೆನಪು ಸಹಜ. ಎಣ್ಣೆಗೈಯ ಈ ಕಾಯಕವೂ ಅದೇ ನೆಲದ್ದು. ಅದರಲ್ಲಿ ಯಾರ ಕಣ್ಣಿಗೂ ಬೀಳದ ಒಂದು ಕುಶಲತೆ, ಟರ್ಬೋ ಇಂಜಿನ್ನಿನ ಬ್ರೀದರ್, ಅಂದರೆ ಅದರ ಉಸಿರಿನ ಕೊಳವೆ, ಸರಿಮಾಡುವುದು.

ಪಿಸ್ಟನ್ ಮೇಲೆ ಡೀಸೆಲ್ ಉರಿಯುವಾಗ ಒತ್ತಡ ನೂರು ಬಾರ್ ದಾಟುತ್ತದೆ. ರಿಂಗುಗಳು ಎಷ್ಟೇ ಬಿಗಿಯಿದ್ದರೂ ಸ್ವಲ್ಪ ಗ್ಯಾಸ್ ಅವುಗಳ ಸಂದಿನಿಂದ ಕೆಳಗೆ, ಕ್ರ್ಯಾಂಕ್ ತಿರುಗುವ ಗೂಡಿಗೆ ನುಸುಳಿಯೇ ನುಸುಳುತ್ತದೆ. ಮಿಸ್ತ್ರಿಗಳು ಇದಕ್ಕೆ 'ಬ್ಯಾಕ್ ಕಂಪ್ರೆಷನ್' ಅನ್ನುತ್ತಾರೆ. ಅದರಲ್ಲಿ ಮಸಿ, ಅರೆಬೆಂದ ಇಂಧನ, ನೀರಿನ ಆವಿ ಎಲ್ಲ ಇರುತ್ತವೆ. ಒಂದು ಕಿಲೋ ಡೀಸೆಲ್ ಉರಿದರೆ ಒಂದು ಕಿಲೋಗೂ ಮಿಕ್ಕಿ ನೀರು ಹುಟ್ಟುತ್ತದೆ. ಚಳಿಗಾಲದಲ್ಲಿ ಬರೀ ಊರೊಳಗೆ ಓಡಾಡುವ ಗಾಡಿಯ ಆಯಿಲ್ ಮುಚ್ಚಳದ ಒಳಗೆ ಮಜ್ಜಿಗೆಯಂಥ ಬಿಳಿ ಜಿಡ್ಡು ಕೂರುವುದು ಬಹುಮಟ್ಟಿಗೆ ಈ ಆವಿಯಿಂದಲೇ.

ಹಿಂದೆ ಈ ಗ್ಯಾಸನ್ನು ಒಂದು ಕೊಳವೆಯಿಂದ ರಸ್ತೆಗೇ ಬಿಡುತ್ತಿದ್ದರು. ಹಳೆಯ ಲಾರಿ ನಿಂತಲ್ಲೆಲ್ಲ ಕಪ್ಪು ಹನಿ ಬೀಳುತ್ತಿದ್ದುದಕ್ಕೆ ಅದೂ ಒಂದು ಕಾರಣ. ಲಾಸ್ ಏಂಜಲೀಸಿನ ಹೊಗೆಮಂಜಿನ ಗಲಾಟೆಯ ನಂತರ, ಕ್ಯಾಲಿಫೋರ್ನಿಯಾದಲ್ಲಿ ಮಾರುವ 1961ರ ಮಾದರಿಯ ಕಾರುಗಳಿಂದ, ಗ್ಯಾಸನ್ನು ಮರಳಿ ಇಂಜಿನ್ನಿಗೇ ಎಳೆಸಿ ಸುಡುವ ಪದ್ಧತಿ ಬಂತು. ಸ್ವಿಸ್ ಇಂಜಿನಿಯರ್ ಆಲ್ಫ್ರೆಡ್ ಬ್ಯೂಖಿ 1905ರಲ್ಲೇ ಪೇಟೆಂಟ್ ಪಡೆದಿದ್ದ, ಇಂಜಿನ್ನಿಗೆ ಗಾಳಿ ಒತ್ತಿ ತುಂಬುವ ಟರ್ಬೋ ಮುಂದೆ ಕಾರಿಗೂ ಇಳಿದಾಗ ಈ ಸರಳ ಏರ್ಪಾಡು ತೊಡಕಾಯಿತು.

ತೊಡಕು ಇಷ್ಟೇ. ಟರ್ಬೋ ಇಲ್ಲದ ಪೆಟ್ರೋಲ್ ಇಂಜಿನ್ನಿನ ಮ್ಯಾನಿಫೋಲ್ಡಿನಲ್ಲಿ, ಅಂದರೆ ಗಾಳಿ ಒಳಹೋಗುವ ಕವಲುಪೈಪಿನಲ್ಲಿ, ಸಾಮಾನ್ಯವಾಗಿ ಸೆಳೆತವಿರುತ್ತದೆ. ಟರ್ಬೋ ಇದ್ದರೆ ಆಕ್ಸಲರೇಟರ್ ತುಳಿದೊಡನೆ ಅಲ್ಲೇ ಒತ್ತಡ ತುಂಬುತ್ತದೆ. ಆದ್ದರಿಂದ ಎರಡು ದಾರಿ ಬೇಕು. ಐಡ್ಲಿಂಗಿನಲ್ಲಿ ಗ್ಯಾಸ್ ಮ್ಯಾನಿಫೋಲ್ಡಿಗೆ ಹೋಗಬೇಕು, ಒತ್ತಡ ಬಂದಾಗ ಅಲ್ಲಿನ ಒಮ್ಮುಖ ವಾಲ್ವ್ ಮುಚ್ಚಿ, ಗ್ಯಾಸ್ ಟರ್ಬೋದ ಹಿಂದಿನ ಹೀರುಪೈಪಿಗೆ ಹೊರಳಬೇಕು. ಡೀಸೆಲ್ಲಿನಲ್ಲಿ ಸಾಮಾನ್ಯವಾಗಿ ಈ ಎರಡನೇ ದಾರಿಯೊಂದೇ: ಏರ್ ಫಿಲ್ಟರಿಗೂ ಟರ್ಬೋಗೂ ನಡುವೆ. ಅಲ್ಲಿಯ ಸೆಳೆತ ಅತಿಯಾಗದಂತೆ ರಬ್ಬರ್ ಪೊರೆಯ ಒಂದು ವಾಲ್ವ್ ಕಾಯುತ್ತದೆ. ನಮ್ಮ ಕಡೆ ತೊಗರಿ, ಸೋಯಾ ರಾಶಿಯ ಕಾಲಕ್ಕೆ ಫಿಲ್ಟರ್ ಧೂಳು ಕುಡಿದು ಕಟ್ಟಿಕೊಂಡರೆ ಸೆಳೆತ ಹೆಚ್ಚುತ್ತದೆ. ಪೊರೆ ಹರಿದಿದ್ದರಂತೂ ಇಂಜಿನ್ ತನ್ನ ಆಯಿಲನ್ನೇ ಹೀರಿ ಕುಡಿಯುತ್ತದೆ. ಡೀಸೆಲ್ ಇಂಜಿನ್ ಹಾಗೆ ಆಯಿಲ್ ಕುಡಿದು, ಚಾವಿ ತೆಗೆದರೂ ನಿಲ್ಲದೆ ಓಡುವುದುಂಟು. ಅದು ನಿಜಕ್ಕೂ ಭಯಪಡಬೇಕಾದ ಸಂಗತಿ.

ಉಸ್ತಾದ್ ಮಾಡಿದ ಪರೀಕ್ಷೆ ನನ್ನ ಕಣ್ಣಿಗೆ ಕಟ್ಟಿದೆ. ಗೌಂಡಿಗಳು ಗೋಡೆಯ ಮಟ್ಟ ನೋಡುವ ಪಾರದರ್ಶಕ ಲೆವೆಲ್ ಪೈಪ್ ತಂದರು. ಅದನ್ನು ಯು ಆಕಾರಕ್ಕೆ ಬಾಗಿಸಿ ಹಲಗೆಗೆ ಕಟ್ಟಿ, ಅರ್ಧಕ್ಕೆ ಬಣ್ಣದ ನೀರು ತುಂಬಿ, ಆಯಿಲ್ ಗೇಜಿನ ಕಡ್ಡಿ ತೆಗೆದು ಒಂದು ತುದಿಯನ್ನು ಆ ತೂತಿಗೆ ಬಿಗಿದರು. ಇನ್ನೊಂದು ತುದಿ ಗಾಳಿಗೆ. ಆರೋಗ್ಯವಂತ ಇಂಜಿನ್ನಾದರೆ ನೀರನ್ನು ತನ್ನತ್ತ ಒಂದೆರಡು ಬೆರಳಿನಷ್ಟು ಎಳೆದುಕೊಳ್ಳಬೇಕು. ನನ್ನದು ನೀರನ್ನು ಆಚೆ ದೂಡಿತು. ಎರಡೂ ಕಡೆಯ ನಡುವೆ 10 ಸೆಂಟಿಮೀಟರ್ ಅಂತರ.

ಒಂದು ಬಾರ್ ಅಂದರೆ ಸುಮಾರು 10 ಮೀಟರ್ ನೀರು. ಹಾಗಾದರೆ ಇದು ಬಾರಿನ ನೂರರಲ್ಲಿ ಒಂದು ಪಾಲು, ಇಷ್ಟಕ್ಕೇನು ಎಂದೆ. ಉಸ್ತಾದ್ ಬಿಡಿಸಿ ಹೇಳಿದರು: ಟರ್ಬೋದ ಶಾಫ್ಟ್ ನಿಮಿಷಕ್ಕೆ ಲಕ್ಷ ಸುತ್ತಿಗೂ ಹೆಚ್ಚು ತಿರುಗುತ್ತದೆ; ಅದರ ಬೇರಿಂಗಿಗೆ ಆಯಿಲ್ ಒತ್ತಡದಿಂದ ಹೋದರೂ ಮರಳುವುದು ಬರೀ ತನ್ನ ಭಾರದಿಂದ, ತುಸು ಎತ್ತರದಿಂದ ಕೆಳಗಿನ ಚೇಂಬರಿಗೆ, ಅಂದರೆ ಅದೇ ಕ್ರ್ಯಾಂಕ್ ಗೂಡಿಗೆ. ಚೇಂಬರಿನಲ್ಲಿ ಎದುರೊತ್ತಡವಿದ್ದರೆ ಆಯಿಲ್ ಪೈಪಿನಲ್ಲೇ ಏರಿ ನಿಲ್ಲುತ್ತದೆ, ಟರ್ಬೋ ಸೀಲು ದಾಟಿ ಗಾಳಿಯ ದಾರಿಗೆ ಸೋರುತ್ತದೆ. ಹೊಗೆ ಬರುತ್ತದೆ, ಪಾಪದ ಟರ್ಬೋ ಬೈಸಿಕೊಳ್ಳುತ್ತದೆ. ಪೆಟ್ರೋಲ್ ಟರ್ಬೋದಲ್ಲಿ ಒಮ್ಮುಖ ವಾಲ್ವ್ ಕೆಟ್ಟರೆ ಟರ್ಬೋ ಒತ್ತಿದ ಗಾಳಿಯೇ ಚೇಂಬರಿನೊಳಗೆ ನುಗ್ಗುತ್ತದೆ. ಹತ್ತು ಸೆಂಟಿಮೀಟರೇ ಇಷ್ಟು ಮಾಡುವಾಗ ಅದು ಏನು ಮಾಡೀತು!

ನನ್ನ ಕಾರಿನಲ್ಲಿ ಆಗಿದ್ದಿಷ್ಟು: ಯಾರೋ ಹಿಂದೆ ಬ್ರೀದರಿಗೆ ರೇಡಿಯೇಟರಿನ ನೀರಿನ ಪೈಪ್ ಹಾಕಿದ್ದರು. ಅದು ಆಯಿಲ್ ತಾಗಿ ಉಬ್ಬಿ, ಒಳಪದರ ಕುಸಿದು, ದಾರಿ ಬೆರಳು ತೂರದಷ್ಟು ಕಿರಿದಾಗಿತ್ತು. ಉಸ್ತಾದ್ ಆಯಿಲ್ ತಡೆಯುವ ನೈಟ್ರೈಲ್ ರಬ್ಬರಿನ ಪೈಪ್ ಹಾಕಿದರು. ಅಳತೆ ಕಂಪನಿ ಕೊಟ್ಟಿದ್ದಕ್ಕಿಂತ ಎಳ್ಳಷ್ಟೂ ಸಣ್ಣದಲ್ಲ. ಪೈಪ್ ಎಲ್ಲೂ ಜೋತು ಬೀಳದಂತೆ, ಒಳಗಿನ ಎಣ್ಣೆ ಇಂಜಿನ್ನಿಗೇ ಮರಳುವಂತೆ ಇಳಿಜಾರು ಕೊಟ್ಟರು. ಜೋತ ಜಾಗದಲ್ಲಿ ನೀರು ನಿಂತರೆ ಮತ್ತೆ ಉಸಿರು ಕಟ್ಟುತ್ತದೆ. ಗ್ಯಾಸಿನಿಂದ ಎಣ್ಣೆ ಬೇರ್ಪಡಿಸುವ ಡಬ್ಬಿಯನ್ನೂ, ಟರ್ಬೋದ ಗಾಳಿ ತಣಿಸುವ ಇಂಟರ್‌ಕೂಲರನ್ನೂ ತೊಳೆದರು.

ಈಚೆಗೆ ಹುಡುಗರು ಬ್ರೀದರಿನ ಎಣ್ಣೆ ಹಿಡಿಯಲು ಬಣ್ಣದ 'ಕ್ಯಾಚ್ ಕ್ಯಾನ್' ತಂದು ಜೋಡಿಸುತ್ತಾರೆ. ಒಳಗೆ ಸ್ಟೀಲ್ ಜಾಳಿಗೆ, ಅಡ್ಡ ತಗಡು ಇದ್ದು, ಪೈಪ್ ಅಗಲವಿದ್ದು, ಆಗಾಗ ಬಸಿದರೆ ಅದು ಒಳ್ಳೆಯದೇ. ಖಾಲಿ ಡಬ್ಬಿ ಕಟ್ಟಿ ಗ್ಯಾಸನ್ನು ಹೊರಗೆ ಬಿಡುವುದು ಮಾತ್ರ ತಪ್ಪು. 2020ರ ಏಪ್ರಿಲ್ 1ರಿಂದ ಹೊಸ ಗಾಡಿಗಳಿಗೆ ಬಿಎಸ್ 6 ಹೊಗೆ ನಿಯಮ ಕಡ್ಡಾಯವಾಗಿದೆ. ಕಂಪನಿ ಮುಚ್ಚಿ ಕೊಟ್ಟ ದಾರಿ ಮುಚ್ಚಿಯೇ ಇರಬೇಕು. ಆ ಹೊಗೆ ಕುಡಿಯುವವರು ನಮ್ಮ ಊರಿನವರೇ.

ಪೈಪ್ ಬದಲಿಸಿದ ಮೇಲೂ ನೀರು ಆಚೆಗೇ ದೂಡಿದರೆ ರಿಂಗು ಸವೆದಿವೆ, ಇಂಜಿನ್ ಬಿಚ್ಚಲೇಬೇಕು ಎಂದಿದ್ದರು ಉಸ್ತಾದ್. ನನ್ನದು ಆ ಹಂತಕ್ಕೆ ಹೋಗಿರಲಿಲ್ಲ. ಲೆವೆಲ್ ಪೈಪಿನ ನೀರು ಇಂಜಿನ್ನಿನತ್ತ ಎರಡು ಬೆರಳು ಸರಿದು ನಿಂತಿತು. ಡಿಕ್ಕಿಯಲ್ಲಿದ್ದ ಹಳೆಯ ಟರ್ಬೋವನ್ನೂ ಅವರು ಕೈಗೆ ತೆಗೆದುಕೊಂಡು ಶಾಫ್ಟ್ ಅಲುಗಿಸಿ ನೋಡಿದರು. ಅದರಲ್ಲಿ ದೋಷವೇ ಇರಲಿಲ್ಲ. ನಿಮ್ಮ ಗಾಡಿಗೆ ಯಾರಾದರೂ ಟರ್ಬೋ ಬದಲಿಸಿ ಎಂದರೆ, ದುಡ್ಡು ಕೊಡುವ ಮೊದಲು ಬ್ರೀದರ್ ಪೈಪ್ ಬಿಚ್ಚಿಸಿ ಕಣ್ಣಾರೆ ನೋಡಿ.