ಮೊಡವೆಗೆ ಮೊಸರು: ಎಷ್ಟು ಆಳಕ್ಕೆ ಇಳಿಯುತ್ತದೆ?

ಹೈಸ್ಕೂಲು ಸೇರಿದ ಮಕ್ಕಳ ಹಣೆ, ಕೆನ್ನೆಯಲ್ಲಿ ಮೊಡವೆ ಎದ್ದರೆ ಮನೆಯ ಹಿರಿಯರು ಹೇಳುವ ಮೊದಲ ಮದ್ದು, “ಒಂಚೂರು ಮೊಸರು ಹಚ್ಚಿ ತೊಳ್ಕೋ.” ಈ ಮಾತಿನಲ್ಲಿ ಹುರುಳಿದೆ. ಎಷ್ಟಿದೆ ಎಂಬುದನ್ನು ಅಳೆದು ನೋಡಬೇಕು.

ಹಾಲಿಗೆ ಹೆಪ್ಪು ಹಾಕಿದಾಗ ಅದರಲ್ಲಿರುವ ಬ್ಯಾಕ್ಟೀರಿಯಾಗಳು ಹಾಲಿನ ಸಕ್ಕರೆಯನ್ನು ಲ್ಯಾಕ್ಟಿಕ್ ಆಮ್ಲವಾಗಿ ಮಾರ್ಪಡಿಸುತ್ತವೆ. ಮೊಸರಿನ ಹುಳಿ ಎಂದರೆ ಇದೇ. ಸ್ವೀಡನ್ನಿನ ರಸಾಯನ ವಿಜ್ಞಾನಿ ಕಾರ್ಲ್ ವಿಲ್ಹೆಲ್ಮ್ ಶೀಲೆ 1780ರಲ್ಲಿ ಹುಳಿ ಹಾಲಿನಿಂದಲೇ ಈ ಆಮ್ಲವನ್ನು ಬೇರ್ಪಡಿಸಿದರು. ಇಂದು ಚರ್ಮವೈದ್ಯರೂ ಇದನ್ನು ಬಳಸುತ್ತಾರೆ. ಚರ್ಮದ ಮೇಲ್ಪದರದಲ್ಲಿ ಸತ್ತ ಕೋಶಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಈ ಆಮ್ಲ ಆ ಅಂಟನ್ನು ಸಡಿಲಿಸುತ್ತದೆ, ಚರ್ಮದ ತೇವವನ್ನೂ ಹಿಡಿದಿಡುತ್ತದೆ. ಮೊಸರು ಹಚ್ಚಿ ತೊಳೆದ ಮುಖ ನುಣುಪಾಗಿ ಕಾಣುವುದು ಇದರಿಂದ.

ಆದರೆ ಮೊಸರಿನಲ್ಲಿ ಈ ಆಮ್ಲ ಇರುವುದು ಸುಮಾರು ಶೇ 1ರಷ್ಟು. ಚರ್ಮಕ್ಕೆ ಹಚ್ಚುವ ಕ್ರೀಮುಗಳಲ್ಲಿ ಶೇ 5ರಿಂದ 12ರಷ್ಟಿರುತ್ತದೆ. ವೈದ್ಯರು ಮೇಲ್ಪದರ ಸುಲಿಯಲು ಬಳಸುವ ದ್ರಾವಣದಲ್ಲಿ ಇನ್ನೂ ಹೆಚ್ಚು. ಮೊಸರಿನ ಪಿಎಚ್ ಸುಮಾರು 4.5. ಆ ಮಟ್ಟದಲ್ಲಿ ಚರ್ಮದೊಳಕ್ಕೆ ಸುಲಭವಾಗಿ ಇಳಿಯುವ ರೂಪದಲ್ಲಿರುವುದು ಇದ್ದ ಆಮ್ಲದ ಐದನೇ ಒಂದು ಪಾಲು ಮಾತ್ರ. ಹಾಗಾಗಿ ಮೊಸರು ಮೃದು, ಅದರ ಕೆಲಸವೂ ಮೇಲುಮೇಲಿನದು.

ಮೊಡವೆ ಹುಟ್ಟುವುದು ಆಳದಲ್ಲಿ. ಹರೆಯದಲ್ಲಿ ಆಂಡ್ರೊಜೆನ್ ಹಾರ್ಮೋನುಗಳು ಹೆಚ್ಚಿದಂತೆ ಕೂದಲಿನ ಬುಡದ ಗ್ರಂಥಿಗಳು ಜಿಡ್ಡನ್ನು ಹೆಚ್ಚು ಸುರಿಸುತ್ತವೆ. ಸತ್ತ ಕೋಶಗಳು ಅದಕ್ಕೆ ಸೇರಿ ರಂಧ್ರ ಕಟ್ಟಿಕೊಳ್ಳುತ್ತದೆ. ಒಳಗೆ ಕ್ಯುಟಿಬ್ಯಾಕ್ಟೀರಿಯಂ ಆಕ್ನೆಸ್ ಎಂಬ ಬ್ಯಾಕ್ಟೀರಿಯಾ ವೃದ್ಧಿಸಿ ಉರಿಯೂತ ಶುರುವಾಗುತ್ತದೆ. ಮುಖದ ಮೇಲಿನ ಮೊಸರು ಹಾರ್ಮೋನನ್ನು ತಗ್ಗಿಸದು, ಗ್ರಂಥಿಯನ್ನು ಮುಟ್ಟದು.

ಹಚ್ಚುವ ಆಸೆಯಿದ್ದರೆ ಕೆನೆ ತೆಗೆದ, ತಾಜಾ ಮೊಸರು ಇರಲಿ. ಜಿಡ್ಡಿನ ಮುಖಕ್ಕೆ ಇನ್ನಷ್ಟು ಜಿಡ್ಡು ಬೇಡ. ಮೊದಲು ಮೊಣಕೈ ಒಳಭಾಗಕ್ಕೆ ಹಚ್ಚಿ ಒಂದು ದಿನ ಕಾಯಿರಿ. ತುರಿಕೆ ಬರದಿದ್ದರೆ ವಾರಕ್ಕೆ ಒಂದೆರಡು ಸಲ, ಹತ್ತು ನಿಮಿಷ ಇಟ್ಟು ಉಗುರುಬೆಚ್ಚಗಿನ ನೀರಿನಲ್ಲಿ ತೊಳೆಯಿರಿ. ಹಾಲಿನ ಅಲರ್ಜಿ ಇರುವವರಿಗೆ, ಒಡೆದ ಮೊಡವೆಗೆ ಇದು ಸಲ್ಲದು. ನಿಂಬೆರಸ ಬೆರೆಸಲೇಬೇಡಿ: ಅದರ ಪಿಎಚ್ ಸುಮಾರು 2, ಚರ್ಮ ಉರಿಯುತ್ತದೆ, ರಸ ಹತ್ತಿದ ಜಾಗಕ್ಕೆ ಬಿಸಿಲು ಬಿದ್ದರೆ ಸುಟ್ಟಂಥ ಕಪ್ಪು ಕಲೆ ಏಳಬಹುದು. ಕಡಲೆಹಿಟ್ಟು ಕಲಸಿ ಗಸಗಸ ಉಜ್ಜಿದರೆ ಉರಿಯೂತ ಕೆರಳುತ್ತದೆ. ನಮ್ಮ ಕಂದು ಮೈಬಣ್ಣದಲ್ಲಿ ಹೀಗೆ ಕೆರಳಿದ ಮೊಡವೆ ಬಿಡುವ ಕಲೆ ತಿಂಗಳುಗಟ್ಟಲೆ ಉಳಿಯುತ್ತದೆ.

ರಂಧ್ರದೊಳಗಿನ ತೊಡಕಿಗೆ ಬೇರೆ ಮದ್ದುಗಳಿವೆ. ಬೆನ್ಝಾಯಿಲ್ ಪೆರಾಕ್ಸೈಡ್ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ, ಅಡಾಪಲೀನ್ ರಂಧ್ರ ಕಟ್ಟದಂತೆ ನೋಡಿಕೊಳ್ಳುತ್ತದೆ. ಫಲ ಕಾಣಲು ಎಂಟು ಹತ್ತು ವಾರ ಬೇಕು. ಅವಸರಕ್ಕೆ ಬಿದ್ದು ಅಂಗಡಿಯಿಂದ ಸ್ಟೆರಾಯ್ಡ್ ಬೆರೆತ ಕ್ರೀಮು ತಂದು ಹಚ್ಚಿದರೆ ಚರ್ಮ ತೆಳುವಾಗಿ ಮೊಡವೆ ಇನ್ನಷ್ಟು ಹೆಚ್ಚುತ್ತದೆ.

ಗಂಟುಗಟ್ಟಿದ, ನೋಯುವ, ಗುಳಿ ಬೀಳಿಸುವ ಮೊಡವೆಯಾದರೆ ತಡಮಾಡದೆ ಚರ್ಮವೈದ್ಯರ ಬಳಿ ಹೋಗಿ. ಮೊಡವೆ ಎಂದಾದರೂ ಹೋಗುತ್ತದೆ, ಗುಳಿ ಹಾಗಲ್ಲ. ಕನ್ನಡಿ ನೋಡಲು ಹಿಂಜರಿಯುವ ಮಗುವಿನ ಮನಸ್ಸಿನಲ್ಲಿ ಬೀಳುವ ಗುಳಿಯೂ ಅಷ್ಟೇ ನಿಜ. ಅದನ್ನು ತುಂಬುವುದು ಎಲ್ಲಕ್ಕಿಂತ ಕಷ್ಟ.