ಕುಂವೀ ಕಥೆಗಳಲ್ಲಿ ಮಾತಾಡುವ ಊರು

(ದೃಶ್ಯ: ಕೊಟ್ಟೂರಿನ ಪೇಟೆ ಬೀದಿ)

ಊರೇ ಸೇರಿ ಒಬ್ಬರನ್ನು ತುಳಿಯುವ ಕಥೆ. ಅದನ್ನು ಯಾವ ದನಿಯಲ್ಲಿ ಹೇಳಬೇಕು?

ಅಮೆರಿಕದ ಶರ್ಲಿ ಜಾಕ್ಸನ್ ಮೆಲ್ಲಗೆ ಹೇಳಿದರು. 1948ರ ‘ದಿ ಲಾಟರಿ’. ಬೇಸಿಗೆಯ ಬೆಳಗು, ಹೂವು, ಕಲ್ಲು ಆರಿಸುವ ಹುಡುಗರು. ನಿರೂಪಣೆ ಎಲ್ಲೂ ದನಿ ಏರಿಸುವುದಿಲ್ಲ. ಆ ಕಲ್ಲು ಯಾರಿಗೆಂದು ಕೊನೆಗೆ ತಿಳಿದಾಗ ಮೈ ನಡುಗುತ್ತದೆ. ಕ್ರೌರ್ಯ ಅಲ್ಲಿ ರೂಢಿ, ಅದಕ್ಕೇ ಅಷ್ಟು ಶಾಂತಿ.

(ದೃಶ್ಯ: ಕುಂವೀ ಪುಸ್ತಕಗಳು)

1953ರಲ್ಲಿ ಕೊಟ್ಟೂರಿನಲ್ಲಿ ಹುಟ್ಟಿದ ಕುಂ. ವೀರಭದ್ರಪ್ಪ, ನಮ್ಮ ಕುಂವೀ, ಹಿಡಿದದ್ದು ಬೇರೆಯೇ ದಾರಿ. ಅವರ ಬರಹದಲ್ಲಿ ಇಡೀ ಊರೇ ಬಾಯಿ ಬಿಡುತ್ತದೆ. ಕೂಡ್ಲಿಗಿ, ಹಡಗಲಿ ಸೀಮೆಯ ಆಡುಮಾತು, ಉಸಿರು ಬಿಡದ ಉದ್ದುದ್ದ ವಾಕ್ಯ, ಪುರಾಣದಷ್ಟು ಹಿಗ್ಗಿಸಿದ ವರ್ಣನೆ. ನಗುತ್ತ ಓದುತ್ತಿರುವಾಗಲೇ ಜಾತಿ, ಹಸಿವು, ಗೌಡಿಕೆ ಎದುರಿಗೆ ಬಂದು ನಿಲ್ಲುತ್ತವೆ. ಆ ಗದ್ದಲದಲ್ಲಿ ಒಬ್ಬಂಟಿಯ ದನಿ ಮುಳುಗುವುದು ನಮ್ಮ ಕಿವಿಗೇ ಬೀಳುತ್ತದೆ. ನನಗೆ ಇದೇ ಹೆಚ್ಚು ದಿಗಿಲು ಹುಟ್ಟಿಸುವುದು: ತುಳಿಯುವವರ ಮಾತೂ ನಮಗೆ ಪರಿಚಿತ, ನಮ್ಮ ಮನೆಯದೇ.

ಕುಂವೀ ಅವರ ‘ಕೊಟ್ರೇಶಿ ಕನಸು’ ಕಥೆ ನೆನಪಿದೆಯಾ? ಓದಬೇಕೆಂಬ ದಲಿತ ಹುಡುಗನ ಆಸೆ. 1994ರಲ್ಲಿ ನಾಗತಿಹಳ್ಳಿ ಚಂದ್ರಶೇಖರ್ ಅದನ್ನು ಸಿನಿಮಾ ಮಾಡಿದರು. ಕೇಡುಗಾಲದ ಕಥೆಗಳಲ್ಲಿ ಬರುವ ಮುಂದಿನ ಶತಮಾನದ ಸರ್ವಾಧಿಕಾರಿ, ಕಾವಲು ಯಂತ್ರ ಯಾವುದೂ ಇಲ್ಲಿಲ್ಲ. ಕೇಡುಗಾಲ ಆ ಹುಡುಗನಿಗೆ ಇವತ್ತೇ, ತನ್ನ ಊರಲ್ಲೇ.

ಹರಪನಹಳ್ಳಿ, ಹಗರಿಬೊಮ್ಮನಹಳ್ಳಿಯ ಗೆಳೆಯರೇ, ಕುಂವೀ ಕಥೆಯೊಂದನ್ನು ಗಟ್ಟಿಯಾಗಿ ಓದಿ. ಆಮೇಲೆ ಹೇಳಿ, ಅಲ್ಲಿ ಮಾತಾಡುತ್ತಿರುವುದು ಯಾರು?