ಮನೆಯ ಹಳೇ ಕಂಪ್ಯೂಟರಿಗೆ ದುಡ್ಡು ಹಾಕ್ಬಹುದಾ?

ರಜೆಗೆ ಕಾರ್ಕಳಕ್ಕೆ ಹೋದ ಕೂಡಲೇ ಅಪ್ಪನ ಪ್ರಶ್ನೆ: "ಇದನ್ನು ಸರಿ ಮಾಡ್ಲಿಕ್ಕೆ ಆಗ್ತದಾ, ಹೊಸತೇ ತಗೊಳ್ಬೇಕಾ?" ಇಂಜಿನಿಯರಿಂಗ್ ಓದುವ ನಮಗೆಲ್ಲ ಇದು ತಪ್ಪಿದ್ದಲ್ಲ.

ನಾವು ಮೊದಲು ಟಾಸ್ಕ್ ಮ್ಯಾನೇಜರ್ ತೆರೆದೆವು. ಸಿಪಿಯು ಸುಮ್ಮನೆ ಕೂತಿದೆ, ಡಿಸ್ಕ್ ಮಾತ್ರ 100%. ಅಂದ್ರೆ ನಿಧಾನ ಪ್ರೊಸೆಸರಿನದ್ದಲ್ಲ, ಹಾರ್ಡ್ ಡಿಸ್ಕಿನದ್ದು. ತಿರುಗುವ ತಟ್ಟೆಯ ಮೇಲೆ ಅದರ ಹೆಡ್ ಒಂದೊಂದು ಫೈಲಿಗೂ ಓಡಾಡ್ಬೇಕು. ಎಸ್‌ಎಸ್‌ಡಿಯಲ್ಲಿ ತಿರುಗುವಂಥದ್ದೇ ಇಲ್ಲ. ಹಾಗಾಗಿ ಒಂದು ಸಾಟಾ ಎಸ್‌ಎಸ್‌ಡಿ ಹಾಕಿದೆವು. (ಸ್ಕ್ರೂ ಬಿಚ್ಚುವ ಮೊದಲು ಅಕ್ಕನ ಮದುವೆ ಫೋಟೋ ಕಾಪಿ ಮಾಡಿಟ್ಟುಕೊಂಡೆವು, ಮರೀಬೇಡಿ.)

ಅಷ್ಟಕ್ಕೇ ನಿಲ್ಲಿಸಿದೆವು. ನಮ್ಮದು ಐ5-4460. ಗೆರೆಯ ನಂತರದ 4 ಅಂದ್ರೆ ನಾಲ್ಕನೇ ತಲೆಮಾರು. ಬೋರ್ಡ್ ಡಿಡಿಆರ್3, ಅದರಲ್ಲಿ ಡಿಡಿಆರ್4 ರ‍್ಯಾಮ್ ಕೂರುವುದೇ ಇಲ್ಲ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗೀತು. ವಿಂಡೋಸ್ 11 ಅಧಿಕೃತವಾಗಿ ಕೇಳೋದು ಟಿಪಿಎಂ 2.0, ಇಂಟೆಲ್ ಆದರೆ ಹೆಚ್ಚುಕಡಿಮೆ ಎಂಟನೇ ತಲೆಮಾರಿನಿಂದ ಮೇಲೆ. ಇದಕ್ಕೆ ಇನ್ನೂ ದುಡ್ಡು ಸುರಿದರೆ ನೀರಿಗೆ ಹಾಕಿದ ಹಾಗೆ.

ಅಪ್ಪನಿಗೆ ಬೇಕಾದದ್ದು ನೆಟ್ ಬ್ಯಾಂಕಿಂಗ್, ಯೂಟ್ಯೂಬಲ್ಲಿ ಯಕ್ಷಗಾನ. ಲಿನಕ್ಸ್ ಮಿಂಟ್ ಹಾಕಿ ಕೊಟ್ಟೆವು. ಅಪ್‌ಡೇಟೂ ಬರ್ತಾ ಉಂಟು. ಮನೆಯಲ್ಲಿ ಟ್ಯಾಲಿ ಬಳಸುವವರಿದ್ದರೆ ಮಾತ್ರ ಈ ದಾರಿ ಕಷ್ಟ, ಅವರು ಹೊಸತೇ ನೋಡೋದು ಒಳ್ಳೇದು.